ಅಳಿಸಿದರೂ ತೆರವಾಗದ ಜಾಗ

ಡಿಸ್ಕಿನಲ್ಲಿ ಜಾಗವಿಲ್ಲವೆಂಬ ದೂರು ಸೋಮವಾರ ಬೆಳಿಗ್ಗೆಯೇ ಬರುವುದಕ್ಕೆ ಕಾರಣವಿದೆ. ನಾವು ಭಾನುವಾರ ಮನೆಯಲ್ಲಿರುತ್ತೇವೆ, ತಂತ್ರಾಂಶಗಳ ದಿನಚರಿ ಬರೆದಿಡುವ ಲಾಗ್ ಕಡತಗಳಿಗೆ ರಜೆಯಿಲ್ಲ. ಈ ಸೋಮವಾರ ನಮ್ಮ ಕಚೇರಿಯ ಲಿನಕ್ಸ್ ಸರ್ವರಿನಲ್ಲಿ ಬಿಲ್ಲಿಂಗ್ ನಿಂತುಹೋಗಿ, ಲೆಕ್ಕಪತ್ರ ವಿಭಾಗದವರು ಒಬ್ಬರ ಹಿಂದೊಬ್ಬರು ಫೋನ್ ಮಾಡಿ ‘ಸರ್ವರ್ ಡೌನಾ?’ ಎಂದು ಕೇಳತೊಡಗಿದರು. ಅದು ಡೌನ್ ಆಗಿರಲಿಲ್ಲ, ತುಂಬಿತ್ತು. ಇವೆರಡರ ವ್ಯತ್ಯಾಸವನ್ನು ಫೋನಿನಲ್ಲಿ ವಿವರಿಸುವ ಉತ್ಸಾಹ ನನ್ನಲ್ಲಿ ಬತ್ತಿ ಬಹಳ ಕಾಲವಾಯಿತು.

ತುಂಬಿದ ಸರ್ವರಿನ ವರ್ತನೆಯೇ ವಿಚಿತ್ರ. ಕಡತದ ಹೆಸರನ್ನು ಅರ್ಧ ಟೈಪ್ ಮಾಡಿ ಟ್ಯಾಬ್ ಕೀಲಿ ಒತ್ತಿದರೆ, ಉಳಿದರ್ಧವನ್ನು ತುಂಬಿಕೊಡಬೇಕಾದ, ಆಜ್ಞೆಗಳನ್ನು ಓದಿ ನಡೆಸುವ ಹಳೆಯ ಬ್ಯಾಷ್ ಪ್ರೋಗ್ರಾಂ, ತಾತ್ಕಾಲಿಕ ಕಡತ ತೆರೆಯಲು ಜಾಗವಿಲ್ಲವೆಂದು ನನ್ನ ಆಜ್ಞೆಯ ನಡುವೆಯೇ ಗೊಣಗುತ್ತದೆ. ಜಾಗ ಎಲ್ಲಿ ಹೋಯಿತೆಂದು ಹುಡುಕುವುದಕ್ಕೂ ಜಾಗ ಬೇಕು! ಪುಣ್ಯಕ್ಕೆ, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ರೂಪಿಸಿದವರು ನಮ್ಮಂಥವರನ್ನು ಮೊದಲೇ ಊಹಿಸಿ, ಡಿಸ್ಕಿನ ಶೇಕಡಾ 5ರಷ್ಟನ್ನು ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಿಗೆಂದು ಮೀಸಲಿಡುವ ಪದ್ಧತಿ ಮಾಡಿದ್ದಾರೆ. ನಮ್ಮ 40 ಜಿಬಿಯಲ್ಲಿ ಆ 2 ಜಿಬಿ ಉಳಿದಿದ್ದರಿಂದಲೇ ರೂಟ್ ಆಗಿ ಒಳಹೊಕ್ಕು ಕೆಲಸ ಮಾಡಲು ಸಾಧ್ಯವಾಯಿತು.

ಆದರೆ ನನಗಿಂತ ಮೊದಲೇ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಒಳಹೊಕ್ಕಿದ್ದರು. ಸರ್ವರಿನ ಸಕಲ ರೋಗಗಳಿಗೂ ಅವರ ಬಳಿ ಕಡತ ಅಳಿಸುವ ‘ಆರ್‌ಎಂ’ ಎಂಬ ಒಂದೇ ಮದ್ದಿದೆ, ಅದನ್ನೂ ‘ಹೈಫನ್ ಎಫ್’ ಸೇರಿಸಿಯೇ ಕೊಡುತ್ತಾರೆ. ‘ಎಫ್ ಹಾಕಿದ್ರೆ ಅದು ಪ್ರಶ್ನೆ ಕೇಳಲ್ಲ ನೋಡಿ, ಕೆಲಸ ಮಾಡೋರು ಹಾಗಿರಬೇಕು’ ಎನ್ನುವಾಗ ಅವರ ದೃಷ್ಟಿ ನನ್ನ ಮೇಲಿರುತ್ತದೆ. ಅಂದು ಅವರು ಬಿಲ್ಲಿಂಗ್ ತಂತ್ರಾಂಶದ 22 ಜಿಬಿ ಗಾತ್ರದ ಲಾಗ್ ಕಡತವನ್ನು ಅಳಿಸಿ, ಡಿಸ್ಕ್ ಎಷ್ಟು ತುಂಬಿದೆಯೆಂದು ಹೇಳುವ ‘ಡಿಎಫ್’ ಆಜ್ಞೆ ಕೊಟ್ಟು, ಶೇಕಡಾ 100 ಎಂಬ ಉತ್ತರವನ್ನು ನಂಬಲಾಗದೆ ಕುಳಿತಿದ್ದರು.

ಮತ್ತೆ ಡಿಎಫ್ ಕೊಟ್ಟರು, 100. ‘ಕ್ಲಿಯರ್’ ಕೊಟ್ಟು ಪರದೆಯನ್ನು ಶುಭ್ರಗೊಳಿಸಿ, ಎರಡು ಕ್ಷಣ ಗೌರವದಿಂದ ಕಾದು, ಮತ್ತೆ ಕೊಟ್ಟರು. ಶುಭ್ರವಾದ ಪರದೆಯ ಮೇಲೆ ಇನ್ನಷ್ಟು ಸ್ಪಷ್ಟವಾಗಿ 100 ಕಾಣಿಸಿತು. ಲಾಗ್‌ಔಟ್ ಆಗಿ ಬಂದರು. ನನ್ನನ್ನು ಎಬ್ಬಿಸಿ ನನ್ನ ಕೀಲಿಮಣೆಯಿಂದ ಅದೇ ಆಜ್ಞೆಯನ್ನು ಟೈಪ್ ಮಾಡಿದರು. ಕೊನೆಗೆ ‘ರಿಫ್ರೆಶ್ ಆಗ್ತಿಲ್ಲ’ ಎಂದು ಘೋಷಿಸಿದರು. ‘ಡಿಯು’ ಆಜ್ಞೆಯಿಂದ ಕಡತಗಳ ಮೊತ್ತ ಕೂಡಿಸಿ ನೋಡಿದರೆ 16 ಜಿಬಿ ಮಾತ್ರವಿದೆಯೆಂದು ನಾನು ತೋರಿಸಿದ್ದೇ ತಪ್ಪಾಯಿತು. ‘ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ’ ಎಂದರು.

ಎರಡೂ ಸತ್ಯವನ್ನೇ ಹೇಳುತ್ತಿದ್ದವು. ಲಿನಕ್ಸ್ ಪಾಲಿಸುವ ಯುನಿಕ್ಸ್ ಸಂಪ್ರದಾಯದಲ್ಲಿ ಆರ್‌ಎಂ ಕಿತ್ತುಹಾಕುವುದು ಕಡತದ ಹೆಸರನ್ನು ಮಾತ್ರ. ಆ ಕಡತವನ್ನು ಯಾವುದಾದರೂ ಪ್ರೋಗ್ರಾಂ ತೆರೆದು ಹಿಡಿದಿರುವವರೆಗೆ ಅದರ ಜಾಗ ತೆರವಾಗುವುದಿಲ್ಲ. ಗೋಡೆಯ ನಾಮಫಲಕ ಕಿತ್ತ ಮಾತ್ರಕ್ಕೆ ಬಾಡಿಗೆದಾರ ಮನೆ ಬಿಟ್ಟು ಹೋಗುವನೇ? ಡಿಯು ಹೆಸರುಗಳ ಜಾಡು ಹಿಡಿದು ಎಣಿಸುತ್ತದೆ, ಡಿಎಫ್ ನೇರವಾಗಿ ಕಡತ ವ್ಯವಸ್ಥೆಯನ್ನೇ ಕೇಳುತ್ತದೆ. ಇದನ್ನು ನಾನು ಹೇಳುತ್ತಿರುವಾಗಲೇ ಅವರು ಕೆಲಸ ಬಿಟ್ಟುಹೋದವರ ಹೋಮ್ ಫೋಲ್ಡರುಗಳತ್ತ ಹೊರಳಿ, ‘ಇವೆಲ್ಲ ಯಾಕಿನ್ನೂ ಇವೆ?’ ಎಂದು ಕೇಳಿದರು.

ಅವು ಇರುವುದು ನನ್ನಿಂದಾಗಿ. ಎಲ್ಲ ಸೇರಿದರೂ ಒಂದು ಜಿಬಿ ದಾಟುವುದಿಲ್ಲ. ಇದೇ ಸರ್ವರನ್ನು ನನಗೆ ಕಲಿಸಿಕೊಟ್ಟು ಬೇರೆ ಊರಿಗೆ ಹೋದ ಗೆಳೆಯನ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲಿದೆ. ‘ಈ ಸಾಲು ಯಾಕೆ ಬೇಕೋ ಗೊತ್ತಿಲ್ಲ, ತೆಗೆದರೆ ಓಡುವುದಿಲ್ಲ’ ಎಂದು ಅವನು ಬರೆದಿಟ್ಟ ಟಿಪ್ಪಣಿಯನ್ನು ನಾನು ಆಗಾಗ ತೆರೆದು ಓದುತ್ತೇನೆ. ಅವನಿದ್ದಾಗ ಇಂಥ ಸೋಮವಾರಗಳಲ್ಲಿ ಬೈಯುವುದಕ್ಕಾದರೂ ಜೊತೆಯಿತ್ತು.

ಸಹೋದ್ಯೋಗಿ ಕಾಫಿಗೆ ಎದ್ದ ಸಮಯ ಸಾಧಿಸಿ, ಯಾವ ಪ್ರೋಗ್ರಾಂ ಯಾವ ಕಡತವನ್ನು ತೆರೆದು ಹಿಡಿದಿದೆಯೆಂದು ತೋರಿಸುವ ‘ಎಲ್‌ಎಸ್‌ಒಎಫ್’ ಓಡಿಸಿದೆ. ಬಿಲ್ಲಿಂಗ್ ಪ್ರೋಗ್ರಾಮಿನ ಮುಂದೆ, ‘ಡಿಲೀಟೆಡ್’ ಎಂಬ ಷರಾ ಹೊತ್ತು, 22 ಜಿಬಿಯ ಅದೇ ಲಾಗ್ ಕಡತ ಇನ್ನೂ ಬದುಕಿತ್ತು. ಪ್ರೋಗ್ರಾಮನ್ನು ರೀಸ್ಟಾರ್ಟ್ ಮಾಡಲು ಲೆಕ್ಕಪತ್ರದವರ ಒಪ್ಪಿಗೆಗೆ ಕಾಯುವ ಬದಲು, ಓಡುತ್ತಿರುವ ಪ್ರೋಗ್ರಾಂಗಳ ವಿವರವಿರುವ ‘ಪ್ರಾಕ್’ ಡೈರೆಕ್ಟರಿಯ ಮೂಲಕ ಅದನ್ನು ಸೊನ್ನೆ ಬೈಟಿಗೆ ಇಳಿಸಿದೆ. ಡಿಎಫ್ ಶೇಕಡಾ 42 ಎಂದಿತು.

ಕಾಫಿ ಮುಗಿಸಿ ಬಂದವರು ಪರದೆಯನ್ನು ನೋಡಿ, ಸೀದಾ ಮ್ಯಾನೇಜರ್ ಕೊಠಡಿಯ ಬಾಗಿಲಿಗೆ ಹೋಗಿ, ‘ಬೆಳಿಗ್ಗೆಯೇ ಅಳಿಸಿದ್ದೆ ಸರ್, ಲಿನಕ್ಸಲ್ಲಿ ಜಾಗ ಸ್ವಲ್ಪ ತಡವಾಗಿ ಬರುತ್ತೆ’ ಎಂದರು. ಮಾತು ಪೂರ್ತಿ ಸುಳ್ಳೂ ಅಲ್ಲದಿರುವುದೇ ನನ್ನ ಸಂಕಟ. ಅವರಿಗೆ ಅಭಿನಂದನೆಯ ಮಿಂಚಂಚೆ ಬಂತು, ಅದರ ಒಂದು ಪ್ರತಿ ನನಗೂ ಬಂತು.

ಮಧ್ಯಾಹ್ನ ನಾನು ಆ ಲಾಗಿಗೆ ‘ಲಾಗ್‌ರೊಟೇಟ್’ ಹೊಂದಿಸುತ್ತ, ವಾರಕ್ಕೊಮ್ಮೆ ಹಳೆಯದನ್ನು ಸಂಕುಚಿಸಿ ನಾಲ್ಕು ವಾರ ಇಟ್ಟುಕೊಳ್ಳುವಂತೆ ಬರೆಯುತ್ತಿದ್ದಾಗ, ಅವರು ಹಿಂದೆ ನಿಂತು ಸ್ವಲ್ಪ ಹೊತ್ತು ಓದಿದರು. ಆಮೇಲೆ, ‘ಕಂಪ್ರೆಸ್ ಎಲ್ಲ ಯಾಕೆ? ಎಫ್ ಹಾಕೋಕೆ ಆಗಲ್ವಾ?’ ಎಂದು ಕೇಳಿದರು.