ಐದು ಸ್ವರ, ಎರಡು ಎಡವಟ್ಟು

ನಮ್ಮಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಎ, ಇ, ಐ, ಓ, ಯು ಐದೂ ಇರುವ ಪದ ಹೇಳಿದವರಿಗೆ ಒಂದು ಪೆಪ್ಪರಮೆಂಟು ಎನ್ನುತ್ತಿದ್ದರು. ನಾವೆಲ್ಲ ಒಟ್ಟಿಗೆ ‘ಎಜುಕೇಶನ್’ ಎಂದು ಕೂಗುತ್ತಿದ್ದೆವು. ಕನ್ನಡ ಮೀಡಿಯಂನಲ್ಲಿ ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದೇ ಉತ್ತರ ಬರುತ್ತದೆ. ‘ಐದೂ ಇವೆ ಕಣ್ರೋ, ಆದ್ರೆ ಸಾಲಾಗಿ ನಿಂತಿಲ್ಲ. ಸಾಲಾಗಿ ನಿಂತಿರೋದನ್ನ ಹುಡುಕಿ ನೋಡೋಣ’ ಎಂದು ಅಪ್ಪ ಪೆಪ್ಪರಮೆಂಟನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಆ ಪೆಪ್ಪರಮೆಂಟಿನ ಆಸೆಗೆ ಒಂದು ನೋಟ್‌ಬುಕ್ ಶುರುಮಾಡಿದೆ. ಅದು ಇವತ್ತಿಗೂ ಇದೆ. ನಮ್ಮ ಕನ್ನಡದಲ್ಲಿ ಇಂಥ ಆಟ ಆಡಲು ಬರುವುದಿಲ್ಲ. ಸ್ವರಗಳೆಲ್ಲ ಗುಡಿಸು, ಕೊಂಬು, ಏತ್ವ ಅಂತ ವ್ಯಂಜನದ ತಲೆಗೋ ಬೆನ್ನಿಗೋ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಅವು ರೇಷನ್ ಅಂಗಡಿ ಮುಂದೆ ನಿಂತ ಹಾಗೆ ಬಿಡಿಬಿಡಿಯಾಗಿ ನಿಂತಿರುತ್ತವೆ, ಬೆರಳಿಟ್ಟು ಎಣಿಸಬಹುದು.

ಸಾಲಾಗಿ ನಿಂತ ಎರಡು ಪದ ಕೊನೆಗೂ ಸಿಕ್ಕವು. ಫಸೀಶಸ್ (facetious), ಅಬ್‌ಸ್ಟೀಮಿಯಸ್ (abstemious). ಮೊದಲನೆಯದರಲ್ಲಿ ಒಂಬತ್ತು ಅಕ್ಷರ, ಎರಡನೆಯದರಲ್ಲಿ ಹತ್ತು. ಐದು ಸ್ವರಗಳೂ ಒಂದೊಂದೇ ಸಲ, ಅದೂ ಕ್ರಮವಾಗಿ. ಬಾಲಕ್ಕೆ ‘ಎಲ್’, ‘ವೈ’ ಸೇರಿಸಿದರೆ ಅರ್ಧ ಸ್ವರ ವೈ ಕೂಡ ಕೊನೆಗೆ ಬಂದು ಕೂರುತ್ತದೆ. ಉಲ್ಟಾ ಕ್ರಮದಲ್ಲೂ ಒಂದಿದೆ, ಸಬ್‌ಕಾಂಟಿನೆಂಟಲ್. ಅಂದರೆ ಉಪಖಂಡದ್ದು. ನಮ್ಮ ಕಡೆಯದ್ದು ಉಲ್ಟಾನೇ ಇರಬೇಕಲ್ವಾ!

ಒಂದು ಸಣ್ಣ ತೊಂದರೆ ಇತ್ತು. ಅಕ್ಷರ ಎಣಿಸುವ ಭರದಲ್ಲಿ ಅರ್ಥ ನೋಡುವ ಅಭ್ಯಾಸ ನನಗೆ ಬರಲೇ ಇಲ್ಲ.

ನಮ್ಮ ಆಫೀಸಿನ ಸಾಹೇಬರು ರಿಟೈರ್ ಆದರು. ಬಿನ್ನವತ್ತಳೆಯ ಇಂಗ್ಲಿಷ್ ಭಾಗ ನನ್ನ ಪಾಲಿಗೆ ಬಂತು, ಮೇಷ್ಟ್ರ ಮಗ ಅಂತ. ನೋಟ್‌ಬುಕ್ ತೆಗೆದೆ. ಫಸೀಶಸ್ ಅನ್ನೋದರಲ್ಲಿ ‘ಫೇಸ್’ ಕಾಣುತ್ತದೆ. ಹಾಗಾದರೆ ಹಸನ್ಮುಖಿ. ಅಬ್‌ಸ್ಟೀಮಿಯಸ್ ಒಳಗೆ ‘ಸ್ಟೀಮ್’ ಕೇಳಿಸುತ್ತದೆ. ಉತ್ಸಾಹದ ಬುಗ್ಗೆ, ಇನ್ನೇನು. ‘ನಮ್ಮ ಫಸೀಶಸ್ ಹಾಗೂ ಅಬ್‌ಸ್ಟೀಮಿಯಸ್ ಅಧಿಕಾರಿಗಳಿಗೆ’ ಎಂದು ಬರೆದುಕೊಟ್ಟೆ. ಕರಡು ನಾಲ್ಕು ಟೇಬಲ್ ಸುತ್ತಿತು. ನಾಲ್ಕೂ ಜನ ‘ಒಳ್ಳೇ ವರ್ಡ್ಸ್ ಹಾಕಿದ್ದೀರಿ’ ಎಂದರು. ಗೊತ್ತಿಲ್ಲ ಎನ್ನಲು ಯಾರಿಗೂ ಮನಸ್ಸಿಲ್ಲ. ಬಂಗಾರದ ಬಣ್ಣದ ಅಕ್ಷರದಲ್ಲಿ ಅಚ್ಚಾಯಿತು, ಫ್ರೇಮೂ ಆಯಿತು.

ಊಟದ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫ್ರೇಮ್ ಓದಿ ಮಜ್ಜಿಗೆ ನೆತ್ತಿಗೇರಿಸಿಕೊಂಡಳು. ಮೊಬೈಲಿನಲ್ಲಿ ಡಿಕ್ಷನರಿ ತೆಗೆದು ಮೆಲ್ಲಗೆ ನನ್ನ ಎಲೆಯ ಪಕ್ಕ ಇಟ್ಟಳು. ಫಸೀಶಸ್ ಅಂದರೆ ಹೊತ್ತುಗೊತ್ತಿಲ್ಲದೆ ಚೇಷ್ಟೆ ಮಾಡುವವರು. ಅಬ್‌ಸ್ಟೀಮಿಯಸ್ ಅಂದರೆ ತಿನ್ನುವುದು, ಕುಡಿಯುವುದು ಎಲ್ಲದರಲ್ಲೂ ಮಿತವಾಗಿ ಇರುವವರು. ಅದು ಮದ್ಯದಿಂದ ದೂರ ಎನ್ನುವ ಅರ್ಥದ ಲ್ಯಾಟಿನ್ನಿಂದ ಬಂದಿದೆಯಂತೆ. ತಲೆ ಎತ್ತಿ ನೋಡಿದೆ. ಸಾಹೇಬರು ನಾಲ್ಕನೇ ಒಬ್ಬಟ್ಟಿನ ಮೇಲೆ ಕೈಯಿಂದ ಗುಂಡಿ ಮಾಡಿ ‘ಇಲ್ಲಿ ತುಪ್ಪ, ಇಲ್ಲಿ ತುಪ್ಪ’ ಎನ್ನುತ್ತಿದ್ದರು.

ಆ ಫ್ರೇಮು ಈಗ ಅವರ ಹಾಲ್‌ನಲ್ಲಿ, ಟಿವಿ ಮೇಲೆ ಇದೆ. ಹೋದಾಗಲೆಲ್ಲ ಅದಕ್ಕೆ ಬೆನ್ನು ಮಾಡಿ ಕೂರುತ್ತೇನೆ. ‘ಟಿವಿ ಕಾಣಲ್ವಲ್ರೀ’ ಎನ್ನುತ್ತಾರೆ ಪಾಪ.

ಆಮೇಲಿಂದ ಅರ್ಥವನ್ನೂ ಬರೆದಿಡುತ್ತಿದ್ದೇನೆ. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಅಂತ ಒಂದಿದೆ. 29 ಅಕ್ಷರ, ಅದರಲ್ಲಿ ಒಂಬತ್ತು ಐ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಾಡುವ ‘ಇ’ ಮಾತ್ರ ಒಂದೂ ಇಲ್ಲ. ಶೆನ್‌ಸ್ಟೋನ್ ಎಂಬ ಕವಿ 1741ರಲ್ಲೇ ಒಂದು ಪತ್ರದಲ್ಲಿ ಇದನ್ನು ಬಳಸಿದ್ದ. ಕೆಲಸಕ್ಕೆ ಬಾರದ್ದು ಎಂದು ತಳ್ಳಿಹಾಕುವುದು ಅಂತ ಅರ್ಥ. ಪ್ರತಿ ಆಯುಧಪೂಜೆಗೆ ಮನೆ ಗುಡಿಸುವಾಗ ನನ್ನ ಹೆಂಡತಿ ಆ ನೋಟ್‌ಬುಕ್ಕನ್ನು ರದ್ದಿ ಪೇಪರ್ ಜೊತೆ ಇಡುತ್ತಾಳಲ್ಲ, ಅದೇ.

ಅರ್ಥ ಗೊತ್ತಿದ್ದರೂ ಎಡವಟ್ಟು ಆಗುತ್ತದೆ ಎಂದು ಗೊತ್ತಾಗಿದ್ದು ಮೊನ್ನೆ ನವೆಂಬರಿನಲ್ಲಿ. ಅಪ್ಪ ಹೋದ ಮೇಲೆ ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ವರ್ಷಕ್ಕೊಮ್ಮೆ ಹೋಗಿ ಬದುಕಿದ್ದೇನೆ ಎಂದು ಬೆರಳೊತ್ತಿ ತೋರಿಸಬೇಕು. ಈ ಸಲ ಮಷೀನು ಒಪ್ಪಲಿಲ್ಲ. ಬಲಗೈ ಹೆಬ್ಬೆರಳು, ಕೆಂಪು ದೀಪ. ಎಡಗೈ, ಮತ್ತೆ ಕೆಂಪು ದೀಪ. ‘ಅಜ್ಜಿ, ಸೆರಗಿಗೆ ಒರೆಸ್ಕೊಂಡು ಒತ್ತಿ’ ಎಂದ ಕೌಂಟರಿನ ಹುಡುಗ. ಐವತ್ತು ವರ್ಷ ರುಬ್ಬಿ, ಪಾತ್ರೆ ತಿಕ್ಕಿದ ಬೆರಳು. ಗೆರೆಗಳು ಸವೆದು ಒರಳುಕಲ್ಲಿನಷ್ಟೇ ನುಣುಪಾಗಿವೆ.

ನಾನು ಸುಮ್ನೆ ಇರಬಹುದಿತ್ತು. ಆದರೆ ನೋಟ್‌ಬುಕ್ಕಿನ ಹದಿನೇಳನೇ ಪುಟ ಕಣ್ಣ ಮುಂದೆ ಬಂತು. ‘ಇದಕ್ಕೆ ಡರ್ಮಟೊಗ್ಲಿಫಿಕ್ಸ್ ಅಂತಾರೆ’ ಎಂದು ಶುರುಮಾಡಿದೆ. ಬೆರಳು, ಅಂಗೈ, ಅಂಗಾಲಿನ ಗೆರೆಗಳನ್ನು ಓದುವ ಶಾಸ್ತ್ರ. 1926ರಲ್ಲಿ ಹೆರಾಲ್ಡ್ ಕಮಿನ್ಸ್ ಎಂಬಾತ ಇಟ್ಟ ಹೆಸರು. ಹದಿನೈದು ಅಕ್ಷರ, ಒಂದಾದರೂ ಎರಡನೇ ಸಲ ಬರುವುದಿಲ್ಲ. ನಾವು ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವನು ಎನ್ನುತ್ತೇವೆ, ಅವರು ಅದೇ ಹೆಬ್ಬೆಟ್ಟಿಗೆ ಇಷ್ಟುದ್ದದ ಪದ ಇಟ್ಟಿದ್ದಾರೆ ನೋಡಿ, ಎಂದೆಲ್ಲ ಹೇಳುತ್ತಿದ್ದೆ. ಹಿಂದೆ ನಿಂತಿದ್ದವರೊಬ್ಬರು ‘ಸ್ವಾಮಿ, ಮೊದಲು ನಿಮ್ಮ ತಾಯಿ ಬದುಕಿದ್ದಾರೆ ಅಂತ ಪ್ರೂವ್ ಮಾಡಿ, ಆಮೇಲೆ ಪಾಠ’ ಎಂದರು. ಅಷ್ಟರಲ್ಲಿ ಅಮ್ಮ ತಾನೇ ಉಂಗುರದ ಬೆರಳು ಇಟ್ಟಿದ್ದಳು. ಹಸಿರು ದೀಪ ಬಂತು.

ಆಟೋದಲ್ಲಿ ಅಮ್ಮ ಮಾತೇ ಆಡಲಿಲ್ಲ. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಸಂಜೆ ಪಕ್ಕದ ಮನೆಯ ಅತ್ತೆ ಒಂದು ಬಟ್ಟಲು ಹಿಡಿದು ಬಂದರು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿದ್ದರು. ‘ನಿಮ್ಮಮ್ಮನಿಗೆ ಬೆರಳಿಗೆ ಅದೇನೋ ಡರ್ಮ ಅಂತ ಆಗಿದೆಯಂತಲ್ಲಪ್ಪಾ. ಹಳೇ ಕಾಯಿಲೆನಂತೆ, 1926ರಿಂದ ಇದೆಯಂತೆ. ರಾತ್ರಿ ಮಲಗುವಾಗ ಹಚ್ಚಲಿ’ ಎಂದರು.