ಮಗಳನ್ನು ಎಕ್ಸ್‌ಚೇಂಜ್‌ಗೆ ಕಳಿಸ್ತೀರಾ? ಹಾಗಾದರೆ ವಿಡಿಯೋ ಕಾಲ್ ಕಡಿಮೆ ಮಾಡಿ

ಮನೆಯಲ್ಲಿ ಒಂಬತ್ತನೇ, ಹತ್ತನೇ ಕ್ಲಾಸಿನ ಮಕ್ಕಳಿರುವ ಪರಿಚಯದವರು ಆಗಾಗ ನನಗೆ ಮೆಸೇಜ್ ಮಾಡುತ್ತಾರೆ. ಹದಿನಾರನೇ ವಯಸ್ಸಿಗೆ ನಾನು ಒಂದು ವರ್ಷ ಜರ್ಮನಿಯಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿದ್ದೆ, ಅಂದರೆ ಅಲ್ಲಿನ ಒಂದು ಕುಟುಂಬದ ಜೊತೆ ಇದ್ದು ಅಲ್ಲಿನ ಶಾಲೆಗೆ ಹೋಗುತ್ತಿದ್ದೆ ಅಂತ ಎಲ್ಲರಿಗೂ ಗೊತ್ತು. ಖರ್ಚೆಷ್ಟು, ಸೇಫಾ, ಮುಂದೆ ಫಾರಿನ್ ಯೂನಿವರ್ಸಿಟಿ ಸೀಟಿಗೆ ಅನುಕೂಲ ಆಗುತ್ತಾ, ಒಂದು ವರ್ಷ ವೇಸ್ಟ್ ಆಗಲ್ವಾ ಅಂತೆಲ್ಲ ಕೇಳುತ್ತಾರೆ. ತಮ್ಮ ಮಗು ಇರಲಿಕ್ಕೆ ಹೋಗುವ ಮನೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಇಡೀ ವಿಷಯ ನಿಂತಿರುವುದೇ ಆ ಮನೆಯ ಮೇಲೆ.

ಬಹಳ ಜನ ಇದನ್ನು ವಿದೇಶದಲ್ಲಿ ಓದುವುದು ಅಂದುಕೊಂಡಿದ್ದಾರೆ. ಅಲ್ಲ. ಕಳಿಸುವ ಸಂಸ್ಥೆ ರೋಟರಿ ಇರಲಿ, ಎಎಫ್‌ಎಸ್ ಇರಲಿ, ಮಗುವನ್ನು ಇಟ್ಟುಕೊಳ್ಳುವ ಕುಟುಂಬ ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಅಮೆರಿಕ ಸರ್ಕಾರ 2002ರಲ್ಲಿ ಶುರು ಮಾಡಿದ 'ಯೆಸ್' ಸ್ಕಾಲರ್‌ಶಿಪ್ಪಿನಲ್ಲಿ ಹೋಗುವ ಮಕ್ಕಳಿಗೂ ಅಷ್ಟೆ, ಮನೆಯವರು ಸ್ವಂತ ಇಷ್ಟದಿಂದ ಇಟ್ಟುಕೊಳ್ಳಬೇಕು. ನಿಮ್ಮ ಮಗು ಅಲ್ಲಿ ಪೇಯಿಂಗ್ ಗೆಸ್ಟ್ ಅಲ್ಲ. ಆ ಮನೆಯ ಇನ್ನೊಂದು ಮಗು.

ಎಎಫ್‌ಎಸ್ ಹುಟ್ಟಿದ ಕಥೆ ನನಗಿಷ್ಟ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬುಲೆನ್ಸ್ ಡ್ರೈವರುಗಳ ಗುಂಪು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದೇ ಗುಂಪಿನವರು ಬೇರೆ ಬೇರೆ ದೇಶದ ಶಾಲಾ ಮಕ್ಕಳನ್ನು ಕರೆಸಿ ಮನೆಗಳಲ್ಲಿ ಇರಿಸಲು ಶುರು ಮಾಡಿದರು. ಯುದ್ಧ ಹತ್ತಿರದಿಂದ ಕಂಡವರು ಹುಡುಕಿದ ದಾರಿ ಇದು. ಯಾರ ರೆಸ್ಯೂಮೆ ತುಂಬಿಸಲಿಕ್ಕೂ ಹುಟ್ಟಿದ್ದಲ್ಲ.

ನಾನು ಹೋಗಿದ್ದು 2005ರಲ್ಲಿ, ಎಸ್‌ಎಸ್‌ಎಲ್‌ಸಿ ಮುಗಿಸಿ. ಊರು ಉತ್ತರ ಜರ್ಮನಿಯ ತ್ಸೆಲ್ಲೆ ಪಟ್ಟಣದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಅಮ್ಮ ನರ್ಸ್, ಅಪ್ಪ ಬಡಗಿ, ಇಬ್ಬರು ಮಕ್ಕಳು. ಹೋದ ಮೊದಲ ವಾರವೇ ಫ್ರಿಡ್ಜಿನ ಬಾಗಿಲ ಮೇಲಿದ್ದ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರು ಸೇರಿತು. ಪಾತ್ರೆ ತೊಳೆಯುವ ಮೆಷಿನ್ ತುಂಬಿಸುವುದು, ಗಾಜಿನ ಬಾಟಲಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವುದು, ಸರದಿ ಬಂದ ಶನಿವಾರ ಬಾತ್‌ರೂಮ್ ತೊಳೆಯುವುದು. ಟಾಯ್ಲೆಟ್ಟೂ ಸೇರಿ.

ನಮ್ಮ ಮನೆಯಲ್ಲಿ ಆ ಬ್ರಷ್ ಎಲ್ಲಿರುತ್ತೆ ಅಂತಲೂ ನನಗೆ ಗೊತ್ತಿರಲಿಲ್ಲ. ಬ್ಯಾಂಕ್ ಕೆಲಸದ ಅಪ್ಪ, ಟೀಚರ್ ಅಮ್ಮ, ಒಬ್ಬಳೇ ಮಗಳು, ಓದಿದರೆ ಸಾಕು ಅಂತ ಬೆಳೆಸಿದ್ದರು. ಜರ್ಮನಿಯಲ್ಲಿ ಆ ಮನೆಯ ಯಜಮಾನನೇ ತನ್ನ ಸರದಿಯ ಶನಿವಾರ ತೋಳು ಮಡಚಿ ಕಮೋಡ್ ಉಜ್ಜುತ್ತಾ ರೇಡಿಯೋ ಜೊತೆ ಹಾಡುತ್ತಿದ್ದರು. ಹೇಗೆ ಮಾಡಬೇಕು ಅಂತ ನನಗೆ ಹೇಳಿಕೊಟ್ಟವರೂ ಅವರೇ. ಅವರಿಗದು ಯಾವ ದೊಡ್ಡ ವಿಷಯವೂ ಆಗಿರಲಿಲ್ಲ.

ಶಾಲೆಯಲ್ಲಿ ಇನ್ನೊಂದು ತರದ ಪಾಡು. ಅಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ಡುಮ್ಕಿ. 'ಗಣಿತದಲ್ಲಿ 1 ಬಂತು' ಅಂತ ಖುಷಿಯಿಂದ ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪನ ಕಡೆಯಿಂದ ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, 'ಪರವಾಗಿಲ್ಲ ಪುಟ್ಟಾ, ಭಾಷೆ ಹೊಸದಲ್ವಾ' ಅಂದರು! ಗಣಿತ ಹೇಗೋ ನಡೆಯಿತು. ಕಷ್ಟವಾಗಿದ್ದು ಮಾತಾಡುವುದು. ಬರೆಯುವ ಪರೀಕ್ಷೆಯಷ್ಟೇ ತೂಕ ಕ್ಲಾಸಿನಲ್ಲಿ ಕೈ ಎತ್ತಿ ಮಾತಾಡುವುದಕ್ಕೂ ಇತ್ತು. ಸುಮ್ನೆ ಕೂತು ನೋಟ್ಸ್ ಬರೆದುಕೊಂಡರೆ ಒಳ್ಳೆಯ ಹುಡುಗಿ ಅಂತ ಯಾರೂ ಮೆಚ್ಚುವುದಿಲ್ಲ, ನಿನಗೆ ಅಭಿಪ್ರಾಯವೇ ಇಲ್ವಾ ಅಂತ ಕೇಳುತ್ತಾರೆ.

ತ್ಸೆಲ್ಲೆಯಿಂದ ಸ್ವಲ್ಪ ದೂರದಲ್ಲೇ ಬೆರ್ಗೆನ್-ಬೆಲ್ಸೆನ್ ಇದೆ. ನಾಜಿಗಳ ಸೆರೆ ಶಿಬಿರವಿದ್ದ ಜಾಗ. 50,000ಕ್ಕೂ ಹೆಚ್ಚು ಜನ ಸತ್ತರು ಅಲ್ಲಿ, ಆ್ಯನ್ ಫ್ರಾಂಕ್ ಕೂಡ. ನಮ್ಮ ಕ್ಲಾಸನ್ನು ಕರೆದುಕೊಂಡು ಹೋಗಿದ್ದರು. ಕಟ್ಟಡಗಳೇನೂ ಉಳಿದಿಲ್ಲ. ಹುಲ್ಲು ಬೆಳೆದ ಉದ್ದುದ್ದ ದಿಬ್ಬಗಳು, ಒಂದೊಂದರ ಮುಂದೆ ಕಲ್ಲು, ಕಲ್ಲಿನ ಮೇಲೆ ಇಲ್ಲಿ 1000 ಮಂದಿ, ಇಲ್ಲಿ 2000 ಮಂದಿ ಅಂತ. ಹೆಸರಿಲ್ಲ.

ಆದರೆ ನನ್ನನ್ನು ಅಲುಗಾಡಿಸಿದ್ದು ಮುಂದಿನ ವಾರದ ಇತಿಹಾಸದ ಪಿರಿಯಡ್. ನಿಮ್ಮ ಮನೆಯ ಹಿರಿಯರು ಆಗ ಏನು ಮಾಡುತ್ತಿದ್ದರು ಅಂತ ಟೀಚರ್ ಎಲ್ಲರನ್ನೂ ಕೇಳಿದರು. ಮಕ್ಕಳು ಹೇಳಿದರು. ಒಬ್ಬನ ಮುತ್ತಜ್ಜ ನಾಜಿ ಪಾರ್ಟಿ ಸದಸ್ಯ. ಒಬ್ಬಳ ಅಜ್ಜಿಗೆ ಎಲ್ಲ ಗೊತ್ತಿತ್ತಂತೆ, ಮಾತಾಡಲಿಲ್ಲವಂತೆ. ಇದನ್ನು ಆ ಹುಡುಗಿ ಅಳದೆ, ಕೂಗಾಡದೆ, ಸೀದಾ ಹೇಳಿದಳು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ನಮ್ಮಲ್ಲಿ ಅಜ್ಜಂದಿರ ಬಗ್ಗೆ ಹೀಗೆ ಮಾತಾಡುವುದುಂಟಾ?

ಆಮೇಲೆ ಒಬ್ಬ ನನ್ನ ಕಡೆ ತಿರುಗಿ ಜಾತಿ ಬಗ್ಗೆ ಕೇಳಿದ. ನಾನು ಸಮಾಜ ವಿಜ್ಞಾನದ ಪುಸ್ತಕದಲ್ಲಿದ್ದ ಉತ್ತರ ಒಪ್ಪಿಸಿದೆ. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, ಎಲ್ಲರೂ ಸಮಾನರು ಅಂತ. ಅವನು ತಲೆಯಾಡಿಸಿದ. ಆಮೇಲೆ ಕೇಳಿದ, 'ಸರಿ, ನಿಮ್ಮ ಮನೆಯಲ್ಲಿ ಟಾಯ್ಲೆಟ್ ತೊಳೆಯೋದು ಯಾರು?'

ನಮ್ಮ ಮನೆಗೆ ಬರುತ್ತಿದ್ದಾಕೆ ಹಿತ್ತಿಲ ಬಾಗಿಲಿಂದ ಬರುತ್ತಿದ್ದಳು. ಅವಳ ಕಾಫಿಗೆ ಬೇರೆ ಲೋಟ ಇತ್ತು, ಕಿಟಕಿ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿರುತ್ತಿದ್ದರು. ಹುಟ್ಟಿದಾಗಿನಿಂದ ಆ ಲೋಟ ನೋಡಿದ್ದೇನೆ. ಅದು ಪ್ರಶ್ನೆಯಾಗಿ ಕಂಡಿದ್ದು ಅವತ್ತೇ, ಏಳು ಸಾವಿರ ಕಿಲೋಮೀಟರ್ ಆಚೆ ಕೂತು, ತಪ್ಪು ತಪ್ಪು ಜರ್ಮನ್‌ನಲ್ಲಿ ಉತ್ತರ ಹುಡುಕುವಾಗ. ಮುಂದಿನ ಸಲ ಫೋನ್ ಮಾಡಿದಾಗ ಅಮ್ಮನನ್ನು ಕೇಳಿದೆ. 'ಐಎಸ್‌ಡಿಲಿ ಕೇಳೋ ಪ್ರಶ್ನೆನಾ ಇದು? ಊಟ ಸರಿಯಾಗಿ ಮಾಡ್ತಿದೀಯಾ?' ಅಂದರು.

ಎಕ್ಸ್‌ಚೇಂಜಿಂದ ಏನು ಸಿಗುತ್ತೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಜರ್ಮನಿ ನೋಡುವುದಲ್ಲ, ಜರ್ಮನಿಯಿಂದ ನಿಮ್ಮ ಮನೆ ಕಾಣುತ್ತೆ. ಅವರ ದೇಶದಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಟರ್ಕಿ ಮೂಲದ ನನ್ನ ಸಹಪಾಠಿ ಹುಟ್ಟಿದ್ದು ಅದೇ ಜಿಲ್ಲೆಯಲ್ಲಿ. ಆದರೂ 'ನಿನ್ನ ನಿಜವಾದ ಊರು ಯಾವುದು' ಅನ್ನೋ ಪ್ರಶ್ನೆ ನನಗಿಂತ ಜಾಸ್ತಿ ಬೀಳುತ್ತಿದ್ದುದು ಅವಳಿಗೇ. 2006ರ ಫುಟ್‌ಬಾಲ್ ವಿಶ್ವಕಪ್ ಅಲ್ಲೇ ನಡೆದಾಗ ಬೀದಿ ತುಂಬಾ ಕಾರುಗಳ ಮೇಲೆ ಬಾವುಟ. ಮಕ್ಕಳಿಗೆ ಹಬ್ಬ. ನಾನಿದ್ದ ಮನೆಯ ಅಪ್ಪ ಮಾತ್ರ ತನ್ನ ಕಾರಿಗೆ ಕಟ್ಟಲು ಬಿಡಲಿಲ್ಲ. ಇಟಲಿ ಎದುರು ಸೆಮಿಫೈನಲ್ ಸೋತ ರಾತ್ರಿ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ, ಅದು ಬೇರೆ ವಿಷಯ.

ಇನ್ನು ಫೋನಿನ ವಿಷಯ. ನನಗೆ ಅಪ್ಪ ಅಮ್ಮನ ದನಿ ಕೇಳುತ್ತಿದ್ದುದು ತಿಂಗಳಿಗೆ ಒಂದೆರಡು ಸಲ. ಕಾರ್ಡ್ ಕೊಂಡು ಮಾತಾಡಬೇಕಿತ್ತು. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ, ರಾತ್ರಿ ಊಟಕ್ಕೆ ತಣ್ಣನೆಯ ಬ್ರೆಡ್ಡು, ಚೀಸು. ಅಳು ಬಂದರೆ ಅಡುಗೆಮನೆಗೆ ಹೋಗಿ ಆ ಮನೆಯ ಅಮ್ಮನ ಮುಂದೆಯೇ ಅಳಬೇಕು. ಬೇರೆ ದಾರಿ ಇರಲಿಲ್ಲ. ಹಾಗೆ ಅತ್ತಿದ್ದಕ್ಕೇ ಆ ಮನೆ ನನ್ನದಾಯಿತು ಅನ್ನಿಸುತ್ತೆ.

ಈಗ ನೋಡಿ. ಪರಿಚಯದವರ ಮಗನೊಬ್ಬ ಅಮೆರಿಕಕ್ಕೆ ಹೋಗಿದ್ದ. ಇಲ್ಲಿ ಅವನಮ್ಮನ ಬೆಳಗಿನ ಕಾಫಿ ಹೊತ್ತು ಅಂದರೆ ಅಲ್ಲಿ ಅವರ ರಾತ್ರಿ ಊಟದ ಹೊತ್ತು. ದಿನಾ ಸರಿಯಾಗಿ ಅದೇ ಹೊತ್ತಿಗೆ ವಿಡಿಯೋ ಕಾಲ್. ಹುಡುಗ ತಟ್ಟೆ ತಗೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಮನೆಯವರು ಕೆಲವು ವಾರ ಕರೆದು, ಆಮೇಲೆ ಕರೆಯುವುದು ಬಿಟ್ಟರು. 'ಅವರು ಸ್ವಲ್ಪ ಕೋಲ್ಡ್ ಜನ' ಅಂತ ಈ ತಾಯಿ ನನ್ನ ಹತ್ತಿರ ದೂರಿದರು. ಪಾಪ, ಆ ಜನ ಇನ್ನೇನು ಮಾಡಬೇಕಿತ್ತು? ದುಡ್ಡು ತಗೊಳ್ಳದೆ, ಮನೆಗೊಂದು ಮಗು ಬರಲಿ ಅಂತ ಇಟ್ಟುಕೊಂಡವರು. ಬಂದಿದ್ದು ಒಂದು ಮುಚ್ಚಿದ ಬಾಗಿಲು.

ಫೋನೇ ಬೇಡ ಅಂತಲ್ಲ. ಮಗುವಿಗೆ ಆ ಮನೆಯಲ್ಲಿ ಯಾವುದೇ ತರದ ತೊಂದರೆ, ಭಯ ಇದ್ದರೆ ಅದೇ ಗಳಿಗೆ ನಿಮಗೂ ಸಂಸ್ಥೆಯವರಿಗೂ ಫೋನ್ ಮಾಡುವಷ್ಟು ಧೈರ್ಯ ಇರಬೇಕು. ಮನೆ ಬದಲಾಯಿಸಲು ಅವಕಾಶ ಇದೆ, ನಮ್ಮ ಬ್ಯಾಚಿನ ಬ್ರೆಜಿಲ್ ಹುಡುಗಿ ಬದಲಾಯಿಸಿಕೊಂಡಳು. ಅದು ನಾಚಿಕೆಯ ವಿಷಯವೂ ಅಲ್ಲ. ನಾನು ಬೇಡ ಅನ್ನುತ್ತಿರುವುದು 'ಏನು ತಿಂದೆ, ಸ್ವೆಟರ್ ಹಾಕಿದೀಯಾ' ಅನ್ನುವ ದಿನದ ಹಾಜರಿಯನ್ನು. ವಾರಕ್ಕೊಂದು ಸಲ ಸಾಕು, ಅದೂ ಅವರ ಊಟದ ಹೊತ್ತು ಬಿಟ್ಟು.

ವರ್ಷ ವೇಸ್ಟ್ ಆಗುತ್ತಾ ಅಂದರೆ, ಹೌದು, ಪಿಯುಸಿಗೆ ಒಂದು ವರ್ಷ ತಡವಾಗಿ ಸೇರಿದೆ. ಅಡ್ಮಿಷನ್ ಟೈಮಲ್ಲಿ ಈ ಗ್ಯಾಪ್ ಯಾಕೆ ಅಂತ ಒಂದು ಕಾಲೇಜಿನ ಕ್ಲರ್ಕ್ ಸತಾಯಿಸಿದರು. ಅದು ಬಿಟ್ಟರೆ ನನಗೀಗ ಮೂವತ್ತೇಳು, ಆ ವರ್ಷ ಎಲ್ಲಿ ಕಡಿಮೆಯಾಯಿತು ಅಂತ ಯಾರೂ ಕೇಳಿಲ್ಲ. ಆದರೆ ಮಗುವಿಗೆ ಹೋಗುವ ಮನಸ್ಸೇ ಇಲ್ಲದೆ, ನಿಮ್ಮ ಆಸೆಗೆ ಕಳಿಸುವುದಾದರೆ ದಯವಿಟ್ಟು ಬೇಡ. ಆ ಸೀಟು ಇನ್ನೊಂದು ಮಗುವಿಗೆ ಸಿಗಲಿ.

ಕಳಿಸುವುದೇ ಆದರೆ ಹೊರಡುವ ಮುಂಚೆ ಚಟ್ನಿಪುಡಿ ಪ್ಯಾಕ್ ಮಾಡುವುದರ ಜೊತೆಗೆ ಎರಡು ತಿಂಗಳು ಮನೆಯ ಬಾತ್‌ರೂಮನ್ನು ಮಗುವಿನ ಕೈಲೇ ತೊಳೆಸಿ. ಮಗನಾಗಿದ್ದರೆ ನಾಲ್ಕು ತಿಂಗಳು.