ಆಟೋಮ್ಯಾಟಿಕ್ ಕಾರು ಘಟ್ಟ ಇಳಿಯುವಾಗ

ಶಿರಸಿ ಕಡೆ ಯಾರಾದರೂ ಆಟೋಮ್ಯಾಟಿಕ್ ಕಾರು ಬುಕ್ ಮಾಡಿದರೆ ಸಾಕು, "ದೇವಿಮನೆ ಘಟ್ಟ ಹತ್ತತ್ತಾ ಮಾರಾಯಾ?" ಅಂತ ಕೇಳುವವರೇ ಜಾಸ್ತಿ. ಹತ್ತುತ್ತದೆ. ನನ್ನ ತಕರಾರು ಇಳಿಯುವುದರ ಬಗ್ಗೆ.

ಇದೇನು ನಿನ್ನೆ ಮೊನ್ನೆಯ ಯಂತ್ರ ಅಲ್ಲ. ಜನರಲ್ ಮೋಟರ್ಸ್ 1939ರಲ್ಲೇ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ತಂದಿತ್ತು. ಕ್ಲಚ್ ಪೆಡಲ್ ಇಲ್ಲ, ಇಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರಿಗೆ ಹೋಗುತ್ತಿತ್ತು. 1948ರಲ್ಲಿ ಬ್ಯೂಕ್ ಕಾರಿಗೆ ಟಾರ್ಕ್ ಕನ್ವರ್ಟರ್ ಬಂತು. ಅದರೊಳಗೆ ಇಂಜಿನ್ ಕಡೆಯ ರೆಕ್ಕೆಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಆ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ನಡುವಿನ ಸ್ಟೇಟರ್ ಎಂಬ ಇನ್ನೊಂದು ರೆಕ್ಕೆಚಕ್ರ ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸುವುದರಿಂದ, ಕಾರು ಹೊರಡುವಾಗ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚಾಗಿ ಸಿಗುತ್ತದೆ. ಏರಿನಲ್ಲಿ ನಿಂತು ಹೊರಡಲು ಇದಕ್ಕಿಂತ ಆರಾಮಿನದು ನನಗಂತೂ ಕಂಡಿಲ್ಲ. ಆದರೆ ಎಣ್ಣೆ ಜಾರುವಾಗ ಪೆಟ್ರೋಲ್ ಪೋಲಾಗುತ್ತದೆ. ಅದಕ್ಕೇ ಆಮೇಲೆ ಎರಡೂ ಚಕ್ರಗಳನ್ನು ಸೇರಿಸಿ ಕಟ್ಟುವ ಲಾಕ್‌ಅಪ್ ಕ್ಲಚ್ ಸೇರಿಸಿದರು, ಗೇರುಗಳೂ ಆರು, ಎಂಟು ಅಂತ ಏರಿದವು.

ನಮ್ಮಲ್ಲಿ ಆಟೋಮ್ಯಾಟಿಕ್ ಅಗ್ಗವಾಗಿದ್ದು 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಬಂದ ಮೇಲೆ. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಯಂತ್ರ, ಅಷ್ಟೇ. ಹಾಗಾಗಿ ಹೇರ್‌ಪಿನ್ ತಿರುವಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರು ಹಿಂದೆ ಜಾರದಂತೆ ಹಿಡಿದು ನಿಲ್ಲಿಸಬೇಡಿ. ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಒತ್ತಿ ನಿಲ್ಲಿ. ಡ್ಯುಯಲ್ ಕ್ಲಚ್ ಇದ್ದರೂ ಇದೇ ಮಾತು. ಅದರಲ್ಲಿ ಒಂದು ಕ್ಲಚ್ಚು 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಗೇರ್ ಬೇಗ ಬೀಳುತ್ತದೆ ನಿಜ, ತೆವಳುವ ಟ್ರಾಫಿಕ್ಕಲ್ಲಿ ಬಿಸಿಯಾಗುವುದೂ ನಿಜ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಬೆಲ್ಟು ಮತ್ತು ಪುಲ್ಲಿ, ಗೇರಿನ ಹಂತಗಳೇ ಇಲ್ಲ.

ಈಗ ಇಳಿಜಾರು. ಲಿವರನ್ನು ಡಿ ಯಲ್ಲಿ (ಡ್ರೈವ್, ಮಾಮೂಲಿ ಓಟಕ್ಕೆ) ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಹಳಷ್ಟು ಗೇರ್‌ಬಾಕ್ಸುಗಳು ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಹೋಗುತ್ತವೆ. ಇಂಜಿನ್ ಹಿಡಿತ ಕಮ್ಮಿ, ಭಾರ ಎಲ್ಲ ಬ್ರೇಕಿನ ಮೇಲೆ. ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಹಿಂದೆ ಮ್ಯಾನ್ಯುಯಲ್‌ನಲ್ಲಿ ಎರಡನೇ ಗೇರಿಗೆ ಹಾಕುತ್ತಿದ್ದವರೇ ಆಟೋಮ್ಯಾಟಿಕ್ ಬಂದ ಕೂಡಲೇ ಅದನ್ನು ಮರೆಯುವುದು ಏಕೋ ತಿಳಿಯದು! ಲಿವರ್ ಪಕ್ಕದ ಎಂ (ಗೇರ್ ನಾವೇ ಬದಲಿಸಲು), ಎಲ್ (ಕೆಳಗಿನ ಗೇರಿಗೆ) ಅಕ್ಷರಗಳು ಸುಮ್ನೆ ಬರೆದದ್ದಲ್ಲ ಅಲ್ವಾ?

ಕಾರು ತಗೊಳ್ಳುವವರು ಟೆಸ್ಟ್ ಡ್ರೈವನ್ನು ಕಾರವಾರದ ಸಪಾಟು ಹೆದ್ದಾರಿಯಲ್ಲಿ ಮುಗಿಸಬೇಡಿ. ಅರಬೈಲ್ ಘಟ್ಟಕ್ಕೆ ಒಯ್ಯಲು ಕೇಳಿ. ಇಳಿಯುವಾಗ ಕೆಳಗಿನ ಗೇರಿಗೆ ಹೇಗೆ ಹಾಕುವುದು ಅಂತ ಶೋರೂಮಿನವರಿಂದಲೇ ಮಾಡಿಸಿ ನೋಡಿ. ಅವರಿಗೇ ಗೊತ್ತಿಲ್ಲದಿದ್ದರೆ ಬೇರೆ ಶೋರೂಮ್ ಹುಡುಕಿ.